ಚಿಗಟೇರಿ ಹುಡುಗಿಯ ಓಟದ ಬೂಟು

ಚಪ್ಪಲಿ ಅಂಗಡಿ ಇಟ್ಟವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ನಗು ತಾನಾಗಿಯೇ ಮೆಟ್ಟಿಲು ಹತ್ತಿ ಬಂದು, ಸ್ಟೂಲಿನ ಮೇಲೆ ಕೂತು, ಕಾಲು ಚಾಚುತ್ತದೆ. ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಎದುರಿಗೆ ನನ್ನ ಅಂಗಡಿ. ಪೊಲೀಸ್ ನೇಮಕಾತಿಯ ಓಟ ಬಂದಾಗ ನಡೆದದ್ದನ್ನು ನೆನೆದರೆ ಈಗಲೂ ಹೊಟ್ಟೆ ಹಿಡಿದುಕೊಳ್ಳುತ್ತೇನೆ.

೧. ಬೂಟಿನ ಪರೀಕ್ಷೆ

ಚಿಗಟೇರಿಯಿಂದ ಕುರಿ ಸಾಕುವ ಅಪ್ಪ, ಅವನ ಮಗಳು ಬಂದರು. ಪೊಲೀಸ್ ಕೆಲಸದ ಲಿಖಿತ ಪರೀಕ್ಷೆಯಲ್ಲಿ ಹುಡುಗಿ ಪಾಸಾಗಿದ್ದಳು, ಓಟ ಬಾಕಿ. "ಇದ ಕಡೀ ಸಲರಿ ಸಾಬ್ರ. ಮುಂದಿನ ಸಲಕ್ಕ ನನ್ನ ವಯಸ್ಸು ದಾಟತೈತಿ," ಅಂದಳು.

ಅಪ್ಪ ಸಂತೆಯಲ್ಲಿ ಕುರಿ ನೋಡುವ ಹಾಗೆ ಒಂದೊಂದು ಬೂಟನ್ನೂ ಎತ್ತಿ, ಹೊಟ್ಟೆ ಅಮುಕಿ, ಬಾಯೊಳಗೆ ಇಣುಕಿದ. ಕೊನೆಗೆ ಒಂದು ನೀಲಿ ಜೋಡಿ ಒಪ್ಪಿಗೆಯಾಯಿತು. "ಇಲ್ಲಿ ನಿಂತರ ಓಟದ ಬೂಟಿನ ಗುಣ ಗೊತ್ತಾಗಂಗಿಲ್ಲವ್ವ. ಹೊರಗ ಓಡಿ ನೋಡು," ಅಂತ ನಾನೇ ಕಳಿಸಿದೆ.

ಅದೇ ಹೊತ್ತಿಗೆ ಚಿಗಟೇರಿ ಬಸ್ಸು ಹೊರಟಿತ್ತು. ಹುಡುಗಿ ಬಸ್ಸಿಗೇ ಓಡಿ ಬರುತ್ತಿದ್ದಾಳೆ ಅಂದುಕೊಂಡ ಕಂಡಕ್ಟರಮ್ಮ, ಪಾಪ, "ಬಾರವ್ವ, ಬಾ ಬಾ!" ಎಂದು ಕೈ ಹಿಡಿದು ಒಳಗೆಳೆದುಕೊಂಡು ರೈಟ್ ಹೇಳಿಯೇಬಿಟ್ಟಳು. ಅವಳ ಹಳೆಯ ಚಪ್ಪಲಿ ನನ್ನ ಅಂಗಡಿಯಲ್ಲಿ, ಹೊಸ ಬೂಟು ಬಸ್ಸಿನಲ್ಲಿ! ನಾನು ಬಾಯಿ ಬಡಿದುಕೊಂಡೆ. ಅಪ್ಪ ಮಾತ್ರ ನಿರಾಳವಾಗಿ ಜೇಬಿಗೆ ಕೈ ಹಾಕಿದ.

"ಬೂಟು ಪಾಸ್ ಆತು ಬಿಡ್ರಿ ಸಾಬ್ರ. ಆ ಬಸ್ಸಿನ ಹಿಂದ ನಮ್ಮ ಮನಿ ಮಂದಿಯೆಲ್ಲಾ ಓಡ್ಯಾರ. ಹಿಡದಾಕಿ ಇಕಿ ಒಬ್ಬಾಕಿನ."

೨. ಅಜ್ಜಿಯ ಆರೈಕೆ

ಓಟದ ದಿನ ಹತ್ತಿರ ಬಂದಾಗ ಹುಡುಗಿ ಫೋನು ಮಾಡಿ ಅಳತೊಡಗಿದಳು. ಬೂಟು ಕಾಲೆತ್ತಲು ಬಿಡುತ್ತಿಲ್ಲವಂತೆ. ವಿಚಾರಿಸಿದೆ. ಹೊಸ ತೊಗಲಿನ ಚಪ್ಪಲಿ ಕಾಲು ಕಚ್ಚಬಾರದು ಅಂತ ಅದಕ್ಕೆ ಹರಳೆಣ್ಣೆ ಕುಡಿಸುವುದು ಆ ಮನೆಯ ರೂಢಿ. ಅಜ್ಜಿ ಓಟದ ಬೂಟಿಗೂ ಪ್ರೀತಿಯಿಂದ ಕುಡಿಸಿದ್ದಾಳೆ. ಸ್ಪಂಜಿನ ಬೂಟು, ಕೊಟ್ಟಷ್ಟೂ ಕುಡಿದಿದೆ!

"ಸೋಪಿನ ಪುಡಿ ಹಾಕಿ ನೆನಸವ್ವ," ಅಂದೆ. ಆದರೂ ಜೀವ ತಡೆಯದೆ ಮರುದಿನ ನಾನೇ ಚಿಗಟೇರಿಗೆ ಹೋದೆ. ಎಣ್ಣೆಯೇನೋ ಹೋಗಿತ್ತು, ಸೋಪು ಉಳಿದಿತ್ತು. ಹುಡುಗಿ ರಸ್ತೆಯಲ್ಲಿ ಓಡುತ್ತಿದ್ದರೆ ಹೆಜ್ಜೆಹೆಜ್ಜೆಗೂ ಬೂಟಿನಿಂದ ಬುಸಬುಸ ನೊರೆ! ಎದುರು ಬಂದ ಎಮ್ಮೆಯೂ ಪಕ್ಕಕ್ಕೆ ಸರಿದು ನಿಂತಿತು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಕಟ್ಟೆಯ ಮೇಲಿದ್ದ ಅಜ್ಜಿ ನನಗೇ ಧೈರ್ಯ ಹೇಳಿದಳು:

"ಯಾಕ ಅಂಜತೀಯೋ ಯಪ್ಪಾ? ಜೋರ ಓಡಿದ್ರ ಕುದುರಿಗೂ ನೊರಿ ಬರತೈತಿ."

೩. ಓಟ

ಓಟದ ದಿನ ಅಂಗಡಿ ಬಾಗಿಲು ಹಾಕಿ ಅಪ್ಪ-ಮಗಳ ಜೊತೆ ನಾನೂ ಮೈದಾನಕ್ಕೆ ಹೋದೆ. ಬೂಟು ಅಷ್ಟರಲ್ಲಿ ಒಣಗಿ ಹದಕ್ಕೆ ಬಂದಿತ್ತು. ಒಂದೇ ಸುತ್ತು, ಹೇಳಿದ ಸಮಯದೊಳಗೆ ಮುಗಿಸಬೇಕು. ಸೀಟಿ ಊದಿದ್ದೇ ತಡ, ನಮ್ಮ ಹುಡುಗಿ ಎಲ್ಲರಿಗಿಂತ ಮುಂದೆ! "ನಮ್ಮ ಅಂಗಡಿ ಬೂಟು! ನೋಡ್ರಿ ಹ್ಯಾಂಗ ಹೊಂಟಾವ!" ಎಂದು ಬೇಲಿಯ ಪಕ್ಕ ನಿಂತವರಿಗೆಲ್ಲ ಕೂಗಿ ಹೇಳಿದೆ.

ಆಚೆ ತಿರುವಿನಲ್ಲೊಂದು ಬೇವಿನ ಮರ, ಬುಡದಲ್ಲಿ ಅಮ್ಮನ ಪುಟ್ಟ ಗುಡಿ. ಹುಡುಗಿಯ ಮನೆಯವರೋ, ದೇವರ ಮುಂದೆ ಮೆಟ್ಟು ಮೆಟ್ಟಿಕೊಂಡು ಹಾಯುವವರಲ್ಲ. ಹುಡುಗಿ ಗಕ್ಕನೆ ನಿಂತಳು. ಬಗ್ಗಿ ಎರಡೂ ಬೂಟು ಕಿತ್ತು ತೆಗೆದಳು, ಕೈ ಮುಗಿದಳು. ಹಿಂದಿದ್ದವರೆಲ್ಲ ಮುಂದೆ ಹೋದರು.

"ಓಡ ನನ್ನವ್ವಾ!" ಅಪ್ಪ ಚೀರಿದ.

ಮತ್ತೆ ಹಾಕಿಕೊಳ್ಳಲು ಹೊತ್ತೆಲ್ಲಿ? ಕೈಗೊಂದು ಬೂಟು ಹಿಡಿದು, ಬರಿಗಾಲಲ್ಲಿ, ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಬಂದಳು ನೋಡಿ! ಗೆರೆ ದಾಟಿದಾಗ ಸಮಯ ಇನ್ನೂ ಚೂರು ಉಳಿದಿತ್ತು. ಪಾಸು! ಖುಷಿಗೆ ನಾನು ಕುಣಿದೇಬಿಟ್ಟೆ. ಕಣ್ಣಲ್ಲಿ ನೀರೂ ಬಂತು.

ಗಡಿಯಾರ ಹಿಡಿದಿದ್ದ ಸಾಹೇಬರು ಅವಳ ಕೈಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು. "ಆಗಿನಿಂದ ನಮ್ಮ ಬೂಟು, ನಮ್ಮ ಬೂಟು ಅಂತ ಒದರ್ತಿದ್ರಲ್ಲ, ಇವೇ ಏನ್ರಿ?"

ಅಪ್ಪ ನನ್ನ ಮರ್ಯಾದೆ ಬಿಟ್ಟುಕೊಡಲಿಲ್ಲ.

"ಭಾಳ ಚಲೋ ಬೂಟ್ರಿ ಸಾಹೇಬ್ರ! ಕೈಯಾಗ ಹಿಡಕೊಂಡು ಓಡಾಕ ಇಷ್ಟು ಹಗುರ ಬೂಟು ಬ್ಯಾರೆ ಎಲ್ಲೂ ಸಿಗಂಗಿಲ್ಲ."