ದೂರದ ಗ್ರಹಕ್ಕೂ ಹಯಾತಿ ದಾಖಲೆ

ನಮ್ಮ ಕಾಕಾರ ಎದುರು ನೀವು ಬದುಕಿದ್ದೀರಿ ಎಂದು ಸಾಬೀತು ಮಾಡುವುದು ಅಷ್ಟು ಸುಲಭವಲ್ಲ! ಬೀದರಿನಿಂದ ವರ್ಗವಾಗಿ ಮಹಾರಾಷ್ಟ್ರದ ಸಿಲ್ಲೋಡಿನ ಬ್ಯಾಂಕಿಗೆ ಬಂದಿದ್ದ ಈ ಮಹಾಶಯರ ಕೆಲಸ, ಪಿಂಚಣಿದಾರರಿಂದ ವರ್ಷಕ್ಕೊಮ್ಮೆ ಹಯಾತಿ ದಾಖಲೆ, ಅಂದರೆ ಜೀವಂತ ಇದ್ದೇನೆ ಎಂಬ ಕಾಗದ, ಪಡೆಯುವುದು. ನಿವೃತ್ತ ಮಾಸ್ತರರೊಬ್ಬರು ಕೌಂಟರಿನ ಮುಂದೆ ಕೆಮ್ಮುತ್ತಾ ನಿಂತು, ಖುದ್ದು ನಾನೇ ಬಂದಿದ್ದೇನಲ್ಲ ಎಂದು ಮರಾಠಿಯಲ್ಲಿ ಅಂಗಲಾಚಿದರಂತೆ. ಕಾಕಾ ತಲೆಯನ್ನೂ ಎತ್ತದೆ, "ಬಂದದ್ದು ಸರಿ, ಸಹಿ ಎಲ್ಲಿ?" ಎಂದರಂತೆ. ಇಂಥವರಿಗೆ ಏನು ಹೇಳುತ್ತೀರಿ?

ಆ ಭಾನುವಾರ ನಾನು ನಾಸಿಕದಿಂದ ಎಸ್‌ಟಿ ಬಸ್ಸಿನಲ್ಲಿ ಸೊಂಟ ಮುರಿದುಕೊಂಡು ಅವರ ಮನೆಗೆ ಹೋದದ್ದು ಒಂದೇ ಕಾರಣಕ್ಕೆ. ಕಾಕಾ ಮತ್ತೆ ಬೀದರಿಗೆ ವರ್ಗ ಕೇಳುವ ಅರ್ಜಿಗೆ ಮರುದಿನವೇ ಕಡೆಯ ದಿನ. "ನೀನರೆ ಬಂದು ಬರಸು. ಈ ಸಲ ತಪ್ಪಿದ್ರ ಮತ್ತ ಮೂರು ವರ್ಷ ಇಲ್ಲೇ" ಎಂದು ಅವರ ಹೆಂಡತಿ, ನಮ್ಮ ಕಾಕೂ, ಫೋನಿನಲ್ಲಿ ಅತ್ತಿದ್ದರು.

ಹೋಗಿ ನೋಡಿದರೆ ಕಾಕಾ ಬರೆಯುತ್ತಿದ್ದದ್ದು ಪತ್ರಿಕೆಯ ಸಂಪಾದಕರಿಗೆ ಪತ್ರ! ದೂರದ ಗ್ರಹವೊಂದರಲ್ಲಿ ಮೀಥೇನ್ ಪತ್ತೆಯಾಗಿದೆ, ಅಲ್ಲಿ ಜೀವ ಇರಬಹುದು ಎಂದು ಅಚ್ಚು ಹಾಕಿದ್ದೇ ಸಂಪಾದಕರ ಅಪರಾಧ.

"ನಕ್ಷತ್ರದ ಬೆಳಕು ಆ ಗ್ರಹದ ಗಾಳಿಯೊಳಗ ಹಾದು ಬರ್ತದ. ಒಂದಿಷ್ಟು ಬಣ್ಣ ಕಮ್ಮಿ ಬೀಳ್ತಾವ. ಅದರ ಮ್ಯಾಲಿಂದ ಮೀಥೇನ್ ಅದ ಅಂತ ತಿಳೀತದ. ಖರೇ. ಆದ್ರ ಜೀವ ಅದ ಅನ್ನಲಿಕ್ಕ ಪುರಾವೆ ಎಲ್ಲದ?"

"ಕಾಕಾ, ಅರ್ಜಿ ಎಲ್ಲದರಿ?"

"ಕೇಳಿಲ್ಲಿ. ಎದುರುಮನ್ಯಾಗ ಟಿವಿ ಒದರಲಿಕ್ಕತ್ತದ. ಒಳಗ ಮಂದಿ ಅದಾರೇನು?"

"ಅದಾರರಿ."

"ನಿನ್ನೇನೇ ಪೈಠಣಕ್ಕ ಹೋಗ್ಯಾರ. ಟಿವಿ ಬಂದ್ ಮಾಡೋದು ಮರತಾರ."

ನನಗೆ ಮೈಯೆಲ್ಲಾ ಉರಿಯಿತು. ಯಾವ ಗ್ರಹದಲ್ಲಿ ಯಾವ ಹುಳ ಉಸಿರಾಡಿದರೆ ಇವರಿಗೇನು? ಇಲ್ಲಿ ಕಾಕೂ ಮಾತಿಗೊಬ್ಬರಿಲ್ಲದೆ ಸೊರಗುತ್ತಿರುವುದು ಈ ಮನುಷ್ಯನ ಕಣ್ಣಿಗೇ ಬೀಳುವುದಿಲ್ಲವೇ? ಸಿಟ್ಟಿನಲ್ಲಿ ಮೇಜಿನ ಮೇಲಿದ್ದ ಪತ್ರಿಕೆಯನ್ನು ಎತ್ತಿ ಬಿಸಾಡಿದೆ.

ಅದರಡಿ ಅರ್ಜಿ ಇತ್ತು. ಆಗಲೇ ತುಂಬಿ, ಸಹಿ ಹಾಕಿಟ್ಟಿದ್ದರು. ಕಾರಣ ಕೇಳಿದ ಜಾಗದಲ್ಲಿ ತಮ್ಮ ಹರಕುಮುರುಕು ಇಂಗ್ಲಿಷಿನಲ್ಲಿ, "ನನ್ನ ಹೆಂಡತಿ ಮೊದಲು ರೊಟ್ಟಿ ಬಡಿಯುವಾಗ ಹಾಡುತ್ತಿದ್ದಳು. ಈ ಊರಿಗೆ ಬಂದ ಮೇಲೆ ಹಾಡಿಲ್ಲ" ಎಂದು ಬರೆದಿದ್ದರು.

ಕೆಳಗೆ, ಲಗತ್ತಿಸಿದ ದಾಖಲೆಗಳು ಎಂಬಲ್ಲಿ: "ಯಾವುದೂ ಇಲ್ಲ. ದಯವಿಟ್ಟು ನಂಬಬೇಕು."