ಹೆಡ್ ಆಫೀಸು ಕಳಿಸಿದ ಮಾಲು

ಅಂಗಡಿಗೆ ಯಾವ ಮಾಲು ತರಿಸಬೇಕು, ಎಷ್ಟು ತರಿಸಬೇಕು ಅಂತ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ನಂಜನಗೂಡಿನಲ್ಲೊಂದು, ತಿ. ನರಸೀಪುರದಲ್ಲೊಂದು, ಒಂದೇ ಕಂಪನಿಯ ಎರಡು ಅಂಗಡಿ. ಕೊಳ್ಳುವವನು ನಾನು ಅಂತ ಹೆಸರಿಗೆ. ತೀರ್ಮಾನವೆಲ್ಲ ಬೆಂಗಳೂರಿನ ಹೆಡ್ ಆಫೀಸಿನದು. ಹಾಗಾಗಿ ನಾನು ನಗೆಪಾಟಲಾಗದ ವಾರವೇ ಇರಲಿಲ್ಲ.

ಸ್ವೆಟರು

ಏಪ್ರಿಲ್ ಬಿಸಿಲಲ್ಲಿ ನರಸೀಪುರಕ್ಕೆ ಲಾರಿ ತುಂಬ ಸ್ವೆಟರ್ ಬಂದವು. ಹೆಡ್ ಆಫೀಸಿನ ಸಾಹೇಬರಿಗೆ ಫೋನ್ ಮಾಡಿ, "ಸರ್, ಇಲ್ಲಿ ಜನ ಬನಿಯನ್ನೂ ಬಿಚ್ಚಿಟ್ಟು ಕೂತಿದ್ದಾರೆ" ಅಂದೆ.

"ಎದುರಿಗೆ ಕಾಣೋ ಹಾಗೆ ಜೋಡಿಸ್ರೀ, ಹೋಗುತ್ತೆ" ಅಂದರು ಸಾಹೇಬರು.

ಹೆಮ್ಮಿಗೆಯ ರೈತರೊಬ್ಬರು ಬಂದು ಎರಡು ಕೊಂಡರು. ಖುಷಿಯಾಗಿ, "ಮನೆಯೋರಿಗಾ?" ಅಂದೆ.

"ಇಲ್ಲ ಕಣ್ ಸಾ, ಟಮೋಟೊ ಒಲದ ಬೆದರುಬೊಂಬೆಗೆ."

ಇದ್ದದ್ದನ್ನು ಇದ್ದ ಹಾಗೇ ಮೇಲಕ್ಕೆ ತಿಳಿಸಿದೆ. ಉತ್ತರ ಬಂತು: "ಒಳ್ಳೇದು. ರೈತರಿಗೆ ಬೇಕಾಗಿದೆ ಅಂತಾಯ್ತು. ಇನ್ನೊಂದು ಲೋಡ್ ಕಳಿಸ್ತಿದ್ದೀವಿ."

ರಸಬಾಳೆ

ನಂಜನಗೂಡಿನ ಅಂಗಡಿಗೆ ಬಾಳೆಹಣ್ಣು ಬೇರೆ ರಾಜ್ಯದಿಂದ, ಪ್ಲಾಸ್ಟಿಕ್ ಸುತ್ತಿಕೊಂಡು ಬರುತ್ತಿತ್ತು. ನನಗೆ ನಾಚಿಕೆಯಾಗಿ, ಹೆಡತಲೆಯ ರೈತರೊಬ್ಬರಿಗೆ ರಸಬಾಳೆ ತರಲು ಹೇಳಿದೆ. ಪಾಪ, ಗೊನೆಯನ್ನು ಗೋಣಿಚೀಲದಲ್ಲಿ ಸುತ್ತಿ, ಬೈಕಿಗೆ ಕಟ್ಟಿಕೊಂಡು ಬಂದರು. ಅವತ್ತೇ ತಪಾಸಣೆಗೆ ಬಂದಿದ್ದ ಸಾಹೇಬರು ಹಣ್ಣು ಅಳೆದು ನೋಡಿ, "ಒಂದೇ ಉದ್ದ ಇಲ್ಲ. ಬೇಡ" ಅಂದರು.

"ನಮ್ಮನೆ ಮಕ್ಳೇ ಒಂದೇ ಉದ್ದ ಇಲ್ಲ, ಬಾಳೆಣ್ಣು ಎಂಗಿದ್ದಾತು ಸಾ?" ಅಂದರು ರೈತರು. ನನ್ನ ಜೇಬಿನಿಂದಲೇ ದುಡ್ಡು ಕೊಟ್ಟು ಗೊನೆ ಇಳಿಸಿಕೊಂಡೆ.

ಸಂಜೆ ಹೊರಡುವಾಗ ಸಾಹೇಬರು ಅದೇ ಗೊನೆಯನ್ನು ಕಾರಿನ ಡಿಕ್ಕಿಗೆ ಹಾಕಿಸಿಕೊಂಡರು. ನನ್ನ ಮುಖ ನೋಡಿ ಅಂದರು: "ಅಂಗಡಿಗೆ ಸೈಜು ಮುಖ್ಯ ಕಣ್ರೀ. ಮನೆಗೆ ರುಚಿ."

ಬೀಳ್ಕೊಡುಗೆ

ಹೋದ ವರ್ಷ ಹೆಡ್ ಆಫೀಸಿನಿಂದ ಕಂಪ್ಯೂಟರ್ ಬಂತು. ಯಾವ ಹಬ್ಬಕ್ಕೆ ಏನು ಹೋಗುತ್ತೆ ಅನ್ನೋದನ್ನು ಅದಕ್ಕೆ ಕಲಿಸಿಕೊಡಿ ಅಂದರು. ಯುಗಾದಿ ಬೆಲ್ಲದಿಂದ ಸಂಕ್ರಾಂತಿ ಎಳ್ಳಿನವರೆಗೆ ಮನಸ್ಸಿಟ್ಟು ಕಲಿಸಿದೆ. ಕಲಿಸಿ ಮುಗಿದ ಮೇಲೆ, "ಇನ್ನು ಖರೀದಿಯೆಲ್ಲ ಅದೇ ಮಾಡುತ್ತೆ, ನೀವು ರೆಸ್ಟ್ ತಗೊಳ್ಳಿ" ಅಂದರು. ಆದರೂ ನಗುನಗುತ್ತಾ ಸನ್ಮಾನಕ್ಕೆ ಕೂತೆ.

ಶಾಲು ಹೊದಿಸಿದರು. ಗಂಧದ ಹಾರ ತಂದರು. ಅದು ತಲೆಯಿಂದ ಕೆಳಗಿಳಿಯಲಿಲ್ಲ, ಕಿವಿಯ ಹತ್ತಿರವೇ ಸಿಕ್ಕಿಕೊಂಡಿತು. ಅಂಗಡಿಯ ಮ್ಯಾನೇಜರ್ ಮೆತ್ತಗೆ ಅಂದರು: "ಕಂಪ್ಯೂಟರೇ ತರಿಸಿದ್ದು ಸರ್. ಕೈಯಲ್ಲೇ ಇಟ್ಕೊಳ್ಳಿ, ಫೋಟೋ ತೆಗೀತೀವಿ."

ಮನೆಗೆ ಬಂದು ಮೇಜಿನ ಮೇಲಿಟ್ಟೆ. ಹೆಂಡತಿ ಅದನ್ನು ಎತ್ತಿ, ತಿರುಗಿಸಿ ನೋಡಿದಳು.

"ಸತ್ತೋರ ಫೋಟೋಗೆ ಹಾಕೋ ಹಾರ ಅಲ್ವೇನ್ರೀ ಇದು? ಯಾರು ಹೋಗ್ಬಿಟ್ರು?"

"ನಾನೇ ಕಣೇ" ಅಂದೆ. "ಕಾಫಿ ಕೊಡು."