ಕೆಂಪು ಗಡ್ಡೆ ಮತ್ತು ನನ್ನ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚು ಪಡಲಿಕ್ಕೂ ಒಂದು ಲಕ್ಷಣ ಬೇಕು. ಪಕ್ಕದ ಮನೆಯವನ ಕಾರು, ಭಾವನ ಹೊಸ ದೋಣಿ, ಇಂಥವುಗಳ ಮೇಲೆ ಪಟ್ಟರೆ ನಾಲ್ಕು ಜನ ಒಪ್ಪುತ್ತಾರೆ. ನಾನು ಪಟ್ಟದ್ದು ಎಂ.ಆರ್.ಐ. ಯಂತ್ರ ನಡೆಸುವ ಒಬ್ಬ ಎಳೆಯ ಡಾಕ್ಟರ ಮೇಲೆ.

ನನ್ನ ಹೆಂಡತಿ ಜಲಜಳ ಲಿವರಿನಲ್ಲಿ ಗಡ್ಡೆ ಎಂದು ಗೊತ್ತಾದಾಗ ನಾವುಂದದ ನಮ್ಮ ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ. ಔಷಧಿಗೆ ಮೊದಲೊಮ್ಮೆ, ಆಮೇಲೊಮ್ಮೆ ಎಂ.ಆರ್.ಐ. ಮಾಡಿ, ಗಡ್ಡೆಗೆ ರಕ್ತ ಎಷ್ಟು ಹರಿಯುತ್ತದೆ, ಆಮ್ಲಜನಕ ಎಷ್ಟು ಮುಟ್ಟುತ್ತದೆ ಎಂದು ನೋಡುತ್ತೇವೆ ಎಂದರು ದೊಡ್ಡಾಸ್ಪತ್ರೆಯವರು. ಯಂತ್ರದ ಹತ್ತಿರ ಲೋಹ ಕೂಡದಂತೆ. ಜಲಜ ಕರಿಮಣಿ ಬಿಚ್ಚಿ, "ಹ್ವಾಯ್, ಕಳ್ದ್ ಹಾಕ್ಬೇಡಿ ಕಾಣಿ" ಎಂದು ನನ್ನ ಕೈಗಿಟ್ಟು, ಕೊರಳು ಬರಿದಾಗಬಾರದೆಂದು ನೂಲಿಗೆ ಅರಶಿನ ಕೊಂಬು ಕಟ್ಟಿಕೊಂಡು ಒಳಗೆ ಹೋದಳು.

ಗಾಜಿನ ಈಚೆ, ನಾನು ನಿಂತಲ್ಲೇ ಕೂತು, ಆ ಎಳೆಯ ಡಾಕ್ಟರು ಮೈಕಿನಲ್ಲಿ "ಉಸಿರು ಹಿಡ್ಕೊಳ್ಳಿ" ಎಂದರು. ಹಿಡಿದಳು! "ಬಿಡಿ" ಎಂದರು. ಬಿಟ್ಟಳು! "ಸ್ವಲ್ಪ ಸುಮ್ನಿರೇ" ಎಂದು ನಾನು ಕೈಮುಗಿದರೆ ಇನ್ನೆರಡು ಮಾತು ಜಾಸ್ತಿ ಆಡುವ ಹೆಂಗಸು ಇವಳೇನಾ? ಅವಳ ರಕ್ತ ಎಲ್ಲೆಲ್ಲಿ ಓಡುತ್ತದೆ ಎಂಬುದೂ ಆ ಪುಣ್ಯಾತ್ಮನಿಗೆ ಗೊತ್ತು. ನನಗೆ ಅವಳ ಸಿಟ್ಟು ಎಲ್ಲಿಂದ ಹೊರಡುತ್ತದೆ ಎಂಬುದೇ ಇಂದಿಗೂ ತಿಳಿದಿಲ್ಲ.

ಆಮೇಲೆ ಚಿತ್ರ ತೋರಿಸಿದರು. ಗಡ್ಡೆ ಕೆಂಪಗೆ ಹೊಳೆಯುತ್ತಿತ್ತು. ನಾನು ಮೀನು ವ್ಯಾಪಾರದವ, ಕಿವಿರು ಎತ್ತಿ ಕೆಂಪು ನೋಡಿ ತಾಜಾ ಎಂದು ಬೆಲೆ ಕಟ್ಟುವವ. "ಒಳ್ಳೆ ಕೆಂಪಿತ್ತಲೆ ಡಾಕ್ಟ್ರೆ! ಎಂತ ತೊಂದ್ರಿ ಇಲ್ಲೆ ಅಲ್ದಾ?" ಎಂದೆ ಖುಷಿಯಿಂದ.

"ಕೆಂಪಿದ್ದಷ್ಟೂ ಗಡ್ಡೆಗೆ ಜಾಸ್ತಿ ರಕ್ತ ಹೋಗ್ತಿದೆ ಅಂತ" ಎಂದರು ಅವರು, ಮೆಲ್ಲಗೆ.

ಕಿಚ್ಚು ಗಡ್ಡೆಯ ಕಡೆಗೆ ತಿರುಗಿತು. ನಾನು ಆರಿಸಿ ತಂದ ಅಂಜಲ್ ಮೀನು ತಿಂದು ಅವಳು ಮಾಡಿಕೊಂಡ ರಕ್ತ, ಹೇಳದೆ ಕೇಳದೆ ಒಳಗೆ ಬಂದು ಕೂತ ಅದಕ್ಕೆ! ಆದರೂ ಬಸ್ಸಿನಲ್ಲಿ ಕೋಟೇಶ್ವರ ದಾಟುವವರೆಗೂ ಜಲಜಳದು ಒಂದೇ ಮಾತು: "ಎಷ್ಟ್ ಸಮಾಧಾನದಗೆ ಮಾತಾಡ್ತ್ರ್ ಕಾಣಿ ಆ ಡಾಕ್ಟ್ರ್!" ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಎರಡನೆಯ ಸಲದ ಚಿತ್ರದಲ್ಲಿ ಗಡ್ಡೆ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವರು ಹೇಳಿಕೊಟ್ಟದ್ದೆಲ್ಲ ಮರೆತು, ಈ ಸಲವೂ ಅವಳು ಕೊಟ್ಟುಹೋಗಿದ್ದ ಕರಿಮಣಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದೆ. ಬಿಳಿಚಿದ ಕಿವಿರು ಒಳ್ಳೆಯದಕ್ಕೆಂದು ನಾನು ಎಂದೂ ಕಂಡವನಲ್ಲ.

"ಗಡ್ಡೆಗೆ ರಕ್ತ ತುಂಬಾ ಕಡಿಮೆಯಾಗಿದೆ. ಔಷಧಿ ಹಿಡೀತಿದೆ" ಎಂದು ಡಾಕ್ಟರು ನಕ್ಕರು. ಆಗ ಮಾತ್ರ ಅವರನ್ನು ಅಪ್ಪಿಕೊಳ್ಳುವಷ್ಟು ಪ್ರೀತಿ ಬಂತು, ಸುಳ್ಳು ಹೇಳಲಾರೆ.

ಜಲಜ ಬಂದು ಕೊರಳೊಡ್ಡಿ ನಿಂತಳು. ಕರಿಮಣಿಯ ಕೊಕ್ಕೆ ಸಿಕ್ಕಿಸಲು ನನ್ನ ಕೈ ಕೇಳಲೊಲ್ಲದು. "ಸಿಸ್ಟರ್‌ನ ಕರೀಲಾ?" ಎಂದರು ಡಾಕ್ಟರು.

"ಯಾರೂ ಬ್ಯಾಡ!" ಎಂದೆ, ಸ್ವಲ್ಪ ಜೋರಾಗಿಯೇ.

"ಮದಿ ದಿನ ತಾಳಿ ಕಟ್ಟುವತಿಗೂ ಹೀಂಗೇ ಕೈ ನಡ್ಗಿತ್ತ್ ನಿಮ್ದ್" ಎಂದಳು ಜಲಜ, ತಿರುಗದೆ. "ಉಸ್ರ್ ಬಿಡಿ ಮರಾಯ್ರೆ."

ಆಗಲೇ ನನಗೆ ಗೊತ್ತಾದದ್ದು. ಈ ಸಲ ಡಾಕ್ಟರು ಒಳಗಿದ್ದ ಅವಳಿಗೆ ಹಿಡ್ಕೊಳ್ಳಿ ಎಂದಾಗ ಹೊರಗೆ ನಾನೂ ಉಸಿರು ಹಿಡಿದಿದ್ದೆ. ಬಿಡಿ ಎಂದದ್ದು ಕೇಳಿಸಿರಲಿಲ್ಲ.